ಬಲಗಡೆಯ ಎಂಜಿನ್

ಆರ್ಲೋ ಕಾಲಿಯೊನನ್ನು ಕಂಡ ಮೊದಲ ದಿನ ನನಗೆ ಹುಟ್ಟಿದ್ದು ಅಸಹ್ಯ. ಪ್ರೀತಿ ಆಮೇಲೆ ಬಂತು, ಅದೂ ಅಸಹ್ಯದ ಕೈ ಹಿಡಿದುಕೊಂಡೇ ಬಂತು.

ನಾನು ವಿಮಾನಯಾನ ಇಲಾಖೆಯ ಇನ್ಸ್‌ಪೆಕ್ಟರ್. ಕಂಪನಿಗಳು ತಮ್ಮ ಪೈಲಟ್‌ಗಳಿಗೆ ಸರಿಯಾಗಿ ಕಲಿಸುತ್ತಿವೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಹಿಂದೆ ನಾನೇ ವಿಮಾನ ಹಾರಿಸುತ್ತಿದ್ದವಳು. ಸರೋವರದ ದಂಡೆಯ ಡುಲೂತ್ ಊರಿನ ಬರ್ಚ್‌ಲೈನ್ ಏರ್ ಕಂಪನಿ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಅಲ್ಲಿನ ತರಬೇತಿ ಕಟ್ಟಡದ ಬಾಗಿಲು ತೆಗೆದರೆ ಸುಟ್ಟ ಕಾಫಿಯ ವಾಸನೆ, ಒದ್ದೆ ಬೂಟುಗಳ ವಾಸನೆ, ಗೋಡೆಯ ಮೇಲೆ ‘ನಮ್ಮಲ್ಲಿ ಎಲ್ಲರೂ ಪಾಸ್’ ಎಂಬ ದೊಡ್ಡ ಬ್ಯಾನರ್. ಆ ಬ್ಯಾನರ್ ಓದಿಯೇ ನನಗೆ ಅಸಹ್ಯವಾಯಿತು.

ಪಾರ್ಕಿಂಗ್‌ನಲ್ಲಿ ಒಂದು ಗ್ಲೌಸ್ ಕಳೆದುಕೊಂಡಿದ್ದೆ. ಸರೋವರದ ಗಾಳಿಗೆ ಕೈ ಗಡಗಡ ನಡುಗುತ್ತಿತ್ತು. ಕಾಫಿ ಪಾತ್ರೆಯ ಹತ್ತಿರ ನಿಂತಿದ್ದ ಎತ್ತರದ ಮನುಷ್ಯನೊಬ್ಬ ಅದನ್ನು ನೋಡಿ ಒಂದು ಲೋಟ ತುಂಬಿಸಿ ನನ್ನ ಕಡೆ ಚಾಚಿದ.

"ಪರೀಕ್ಷೆ ಅಂದ್ರೆ ಎಲ್ರಿಗೂ ಹೀಗೇ ಕೈ ನಡುಗುತ್ತೆ. ಕುಡೀರಿ. ಹೆದರಬೇಡಿ, ನಮ್ಮಲ್ಲಿ ಯಾರೂ ಫೇಲಾಗಲ್ಲ."

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ. ನಾನು ಈ ಕುರ್ಚಿಗೆ ಬಂದಮೇಲೆ ಒಬ್ರೂ ಇಲ್ಲ."

"ಅಬ್ಬಾ! ಹಾಗಾದ್ರೆ ಪರೀಕ್ಷೆ ಯಾಕ್ ಮಾಡ್ತೀರಿ? ಹೂವಿನ ಹಾರ ಹಾಕಿ ಕಳಿಸಿಬಿಡಿ" ಎಂದು ಕೋಟಿನ ಗುಂಡಿ ಬಿಚ್ಚಿದೆ. ಒಳಗೆ ನೇತಾಡುತ್ತಿದ್ದ ಇಲಾಖೆಯ ಬ್ಯಾಡ್ಜ್ ಅವನ ಕಣ್ಣಿಗೆ ಬಿತ್ತು.

ಅವನು ಬ್ಯಾಡ್ಜ್ ನೋಡಿದ, ನನ್ನನ್ನು ನೋಡಿದ, ತನ್ನ ಕೈಯಲ್ಲಿನ ಲೋಟ ನೋಡಿದ. ಕಿವಿಯಿಂದ ಶುರುವಾದ ಕೆಂಪು ಕುತ್ತಿಗೆಯವರೆಗೆ ಇಳಿಯಿತು.

"ಅಯ್ಯೋ. ಲಿಂಡ್‌ಕ್ವಿಸ್ಟ್ ಮೇಡಂ ನೀವೇನಾ? ನಾನು ಹೊಸ ಪೈಲಟ್ ಅಂದ್ಕೊಂಡೆ."

"ಮಾರ್ನಾ ಲಿಂಡ್‌ಕ್ವಿಸ್ಟ್. ನೀವು ಯಾರನ್ನೂ ಫೇಲ್ ಮಾಡದ ಪುಣ್ಯಾತ್ಮರು."

"ಆರ್ಲೋ ಕಾಲಿಯೊ, ಮುಖ್ಯ ಪರೀಕ್ಷಕ." ಲೋಟ ಇನ್ನೂ ಗಾಳಿಯಲ್ಲೇ ಇತ್ತು. "ಕಾಫಿ ಮಾತ್ರ ತಗೋಬಹುದು ಮೇಡಂ. ಕಂಪನಿಯಿಂದ ಏನೂ ತಗೋಬಾರದು ಅನ್ನೋ ನಿಮ್ಮ ನಿಯಮದಲ್ಲೇ ಕಾಫಿಗೆ ವಿನಾಯಿತಿ ಇದೆ."

"ನಿಯಮ ವಿನಾಯಿತಿ ಕೊಡುತ್ತೆ. ನಾನು ಕೊಡಲ್ಲ" ಎಂದು ಚೀಲದಿಂದ ನನ್ನ ಥರ್ಮಾಸ್ ತೆಗೆದೆ.

ಬೇರೆಯವರಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಿಮ್ಯುಲೇಟರ್ ಎಂದರೆ ನೆಲದ ಮೇಲೆ ನಿಂತೇ ಹಾರುವ ವಿಮಾನದ ಮೂಗು. ಮುಂದೆ ಪೈಲಟ್‌ಗಳು, ಹಿಂದೆ ಗುಂಡಿಗಳ ಫಲಕದ ಮುಂದೆ ಪರೀಕ್ಷಕ, ಅವನ ಪಕ್ಕದಲ್ಲಿ ನಾನು. ಆ ದಿನ ಪರೀಕ್ಷೆಗೆ ಕೂತಿದ್ದವಳು ಟೆಸ್ಸಾ ನೋವಾಕ್ ಎಂಬ ಹುಡುಗಿ. ವಿಮಾನ ಓಡಿ ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ ಕೆಡಿಸುತ್ತಾರೆ. ಎಡಗಡೆಯದು ಕೆಟ್ಟರೆ ವಿಮಾನ ಎಡಕ್ಕೆ ತಿರುಗುತ್ತದೆ, ಬಲಗಾಲಿನಿಂದ ಪೆಡಲ್ ಒತ್ತಿ ಅದನ್ನು ನೇರ ಮಾಡಬೇಕು. ಬಲಗಡೆಯದು ಕೆಟ್ಟರೆ ಎಡಗಾಲು. ತಪ್ಪು ಕಾಲು ಒತ್ತಿದರೆ ವಿಮಾನ ಮಗುಚಿಕೊಳ್ಳುತ್ತದೆ. ವಿದ್ಯೆ ಇಷ್ಟೇ, ಜೀವವೂ ಇಷ್ಟೇ.

ನೋವಾಕ್ ವಿಮಾನ ಓಡಿಸಿದಳು. ಆರ್ಲೋ ಗಂಟಲು ಸರಿ ಮಾಡಿಕೊಂಡ. ಎಡಗಡೆಯ ಎಂಜಿನ್ ಸತ್ತಿತು. ಹುಡುಗಿ ಚಂದವಾಗಿ ನಿಭಾಯಿಸಿದಳು. "ಭೇಷ್" ಎಂದ ಆರ್ಲೋ.

ಎರಡನೇ ಸಲ ನಾನು ಕಿಟಕಿ ನೋಡಲಿಲ್ಲ, ಮೀಟರ್ ನೋಡಲಿಲ್ಲ, ಅವಳ ಬೂಟು ನೋಡಿದೆ. ಆರ್ಲೋ ಗಂಟಲು ಸರಿ ಮಾಡಿಕೊಂಡ. ನೋವಾಕಳ ಬಲಗಾಲು ಪೆಡಲಿನ ಮೇಲೆ ಬಿಗಿಯಾಯಿತು. ಎಂಜಿನ್ ಸತ್ತಿದ್ದು ಅದಾದ ಮೇಲೆ.

ಎಂಜಿನ್ ಸಾಯುವ ಮುಂಚೆ ಕಾಲಿಗೆ ಸುದ್ದಿ ತಲುಪಿತ್ತು.

ಇಂಥ ವಿಮಾನದಲ್ಲಿ ಜನ ಕೂರುತ್ತಾರೆ. ಅಜ್ಜಿಯರು ಮೊಮ್ಮಕ್ಕಳನ್ನು ನೋಡಲು ಹೋಗುತ್ತಾರೆ. ಇಲ್ಲಿ ಇವರು ಗಿಣಿಪಾಠ ಒಪ್ಪಿಸಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು, ಬ್ಯಾನರ್ ಬೇರೆ ಕಟ್ಟಿದ್ದಾರೆ! ಬಾಯಲ್ಲಿ ಕಹಿ ಬಂತು. ನನ್ನ ಥರ್ಮಾಸಿನ ಕಾಫಿಯೂ ಸೇರಲಿಲ್ಲ.

"ಮಿಸ್ಟರ್ ಕಾಲಿಯೊ, ಈ ಸಲ ಬಲಗಡೆಯದನ್ನ ಕೆಡಿಸಿ" ಎಂದು ಅವನ ಕಿವಿಯ ಹತ್ತಿರ ಪಿಸುಗುಟ್ಟಿದೆ.

ಅವನು ತಿರುಗಿ ನೋಡಿದ. ಮುಖಗಳ ನಡುವೆ ಗೇಣಿನ ಅಂತರ. ಅವನಿಂದ ಪೈನ್ ಸೋಪಿನ ವಾಸನೆ ಬರುತ್ತಿತ್ತು. "ಬಲಗಡೆಯದಾ?" ಎಂದ, ಅಂಥದ್ದೊಂದು ಇದೆಯೆಂದು ಆಗಷ್ಟೇ ನೆನಪಾದವನ ಹಾಗೆ.

ಅವನ ಗಂಟಲು ಗುರುಗುಟ್ಟಿತು. ಬಲಗಡೆಯ ಎಂಜಿನ್ ಸತ್ತಿತು. ನೋವಾಕ್ ಅಭ್ಯಾಸದಂತೆ ಬಲಗಾಲನ್ನೇ ಜೋರಾಗಿ ಒತ್ತಿದಳು. ಕಿಟಕಿಯಲ್ಲಿ ಆಕಾಶ ಕೆಳಗೆ ಬಂತು, ನೆಲ ಮೇಲೆ ಹೋಯಿತು, ಪರದೆ ಕೆಂಪಾಗಿ ನಿಂತಿತು. ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಕಂಪನಿಯ ತರಬೇತಿ ಮುಖ್ಯಸ್ಥ ಪ್ರೆಂಟಿಸ್ ಕಾಯುತ್ತಿದ್ದ. ಹಲ್ಲುಗಳು ಹೊಸವು, ನಗು ಹಳಸಿದ್ದು. "ನಮ್ಮ ಪಾಠಕ್ರಮದಲ್ಲಿ ಎಡಗಡೆ ಎಂಜಿನ್ ಅಂತಲೇ ಇದೆ ಮೇಡಂ, ನಿಮ್ಮ ಇಲಾಖೆಯೇ ಒಪ್ಪಿಕೊಂಡಿರೋದು. ಮೆಷಿನ್ ಟೈಮ್ ದುಬಾರಿ, ಎರಡೂ ಕಡೆ ಯಾರು ಮಾಡ್ತಾರೆ?"

"ನಿಮ್ಮ ಎಂಜಿನ್‌ಗಳು ಪಾಠಕ್ರಮ ಓದಿವೆಯಾ?" ಎಂದು ಕೇಳಿದೆ. ಅವನು ಮತ್ತೆ ಹಲ್ಲು ತೋರಿಸಿದ.

ಆರ್ಲೋ ನನ್ನ ಹಿಂದೆಯೇ ಪಾರ್ಕಿಂಗ್‌ವರೆಗೆ ಬಂದ, ಕೋಟು ಕೂಡ ಹಾಕಿಕೊಂಡಿರಲಿಲ್ಲ.

"ನನ್ನನ್ನ ಬೈದುಬಿಡಿ ಮೇಡಂ. ಆ ಹುಡುಗಿದೇನೂ ತಪ್ಪಿಲ್ಲ."

"ಬೈಯೋಕೂ ಅಸಹ್ಯ ಆಗ್ತಿದೆ. ಗಂಟಲಲ್ಲಿ ಸನ್ನೆ ಮಾಡಿ ಪಾಸ್ ಮಾಡಿಸ್ತೀರಲ್ಲ, ನಾಚಿಕೆ ಆಗಲ್ವಾ?"

"ಸನ್ನೆನಾ?" ಅವನು ನಿಜಕ್ಕೂ ಕಣ್ಣು ಅಗಲಿಸಿದ. "ಯಾವ ಸನ್ನೆ?"

ನಾನು ಅವನ ಹಾಗೆಯೇ ಗಂಟಲು ಸರಿ ಮಾಡಿ ತೋರಿಸಿದೆ. ಅಷ್ಟರಲ್ಲಿ ಕಾರಿನ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದ ನೋವಾಕ್ ತಲೆ ಎತ್ತಿದಳು. "ಸಾರಿ ಕ್ಯಾಪ್ಟನ್," ಎಂದಳು ಮೆಲ್ಲಗೆ. "ನಾವೆಲ್ಲ ಅದನ್ನ ಕಾಲಿಯೊ ಕೆಮ್ಮು ಅಂತೀವಿ. ಹೊಸಬರು ಬಂದ ಮೊದಲ ದಿನವೇ ಹೇಳ್ಕೊಡ್ತಾರೆ. ನಿಮಗೆ ಗೊತ್ತಿದ್ದೇ ಮಾಡ್ತೀರ ಅಂದ್ಕೊಂಡಿದ್ವಿ."

ಅವನಿಗೆ ಗೊತ್ತಿರಲಿಲ್ಲ. ಗುಂಡಿ ಒತ್ತುವ ಮುಂಚೆ ಅವನಿಗೇ ತಿಳಿಯದೆ ಗಂಟಲು ಬಿಗಿಯುತ್ತಿತ್ತು, ಇಡೀ ಕಂಪನಿ ಆ ಗಂಟಲನ್ನು ನಂಬಿಕೊಂಡು ಪಾಸಾಗುತ್ತಿತ್ತು. ಆರ್ಲೋ ಹಿಮದಲ್ಲಿ ಬರಿಯ ಶರ್ಟಿನಲ್ಲಿ ನಿಂತೇ ಇದ್ದ.

"ನನಗೇ ವಾಕರಿಕೆ ಬರ್ತಿದೆ" ಎಂದ ಕೊನೆಗೆ. "ಇದನ್ನ ಸರಿ ಮಾಡೋದು ಹೇಗೆ ಅಂತ ಹೇಳಿ."

ಆ ಪ್ರಶ್ನೆಯನ್ನು ನನ್ನ ಕೆಲಸದಲ್ಲಿ ಯಾರೂ ಕೇಳಿದ್ದಿಲ್ಲ. ಇದರಿಂದ ಪಾರಾಗೋದು ಹೇಗೆ ಅಂತಲೇ ಎಲ್ಲರೂ ಕೇಳುತ್ತಾರೆ. ನನ್ನ ಕಾರಿನಲ್ಲಿದ್ದ ಕಂಬಳಿ ತೆಗೆದು ಅವನ ಮೇಲೆ ಎಸೆದೆ. "ಮೊದಲು ಸಾಯದೇ ಇರಿ. ಸೋಮವಾರ ಶುರು ಮಾಡೋಣ."

ಚಳಿಗಾಲವೆಲ್ಲ ಅದೇ ಆಯಿತು. ಹೊಸ ಕಾನೂನು ಬೇಕಿರಲಿಲ್ಲ. ಇರುವ ನಿಯಮದಲ್ಲೇ ‘ಒಂದು ಎಂಜಿನ್’ ಎಂದಿದೆ, ಯಾವುದು ಎಂದು ಎಲ್ಲೂ ಇಲ್ಲ. ಅದನ್ನು ಹಿಡಿದುಕೊಂಡೆ. ಯಾವ ಎಂಜಿನ್, ಯಾವ ವೇಗದಲ್ಲಿ ಕೆಡಬೇಕೆಂದು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತಾನೇ ಆರಿಸಬೇಕು, ಪರೀಕ್ಷಕನಿಗೂ ಮೊದಲು ಗೊತ್ತಾಗಬಾರದು. ಪರೀಕ್ಷಕರಿಗೂ ಹಾಗೆಯೇ ಪರೀಕ್ಷೆ ಆಗಬೇಕು. ಇದನ್ನು ಬರ್ಚ್‌ಲೈನ್‌ನ ಪಾಠಕ್ರಮದಲ್ಲೇ ಸೇರಿಸಿ ಇಲಾಖೆಯ ಮುದ್ರೆ ಒತ್ತಿಸಿದರೆ, ಆಮೇಲೆ ಯಾವ ಪ್ರೆಂಟಿಸ್‌ಗೂ ಸುಲಭವಾಗಿ ಕಿತ್ತುಹಾಕಲು ಆಗುವುದಿಲ್ಲ.

ಪ್ರೆಂಟಿಸ್ ಪ್ರತಿ ಸಭೆಯಲ್ಲೂ ಹಾಡಿದ್ದೇ ಹಾಡಿದ. ಆರ್ಲೋ ಪ್ರತಿ ಸಭೆಯಲ್ಲೂ ತನ್ನ ಕಂಪನಿಯ ವಿರುದ್ಧವೇ ಮಾತಾಡಿದ.

ಸಭೆಗಳಿಗೆ ನಾನು ಮನೆಯಲ್ಲಿ ಮಾಡಿದ ಲೆಮನ್ ಬಾರ್ ಎಂಬ ನಿಂಬೆಹಣ್ಣಿನ ಸಿಹಿತಿಂಡಿ ಒಯ್ಯುತ್ತಿದ್ದೆ. ನಮ್ಮ ಕಡೆ ತಟ್ಟೆಯಲ್ಲಿನ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಅರ್ಧ ತಿಂದು ಅರ್ಧ ಬಿಡುವುದೇ ಮರ್ಯಾದೆ. ಎಲ್ಲರೂ ಹೋದಮೇಲೆ ನಾವಿಬ್ಬರೇ ಕೂತು ಆ ತುಂಡನ್ನು ಕತ್ತರಿಸುತ್ತಿದ್ದೆವು. ಅವನು ಅರ್ಧ ಮಾಡುವನು, ನಾನು ಉಳಿದದ್ದರಲ್ಲಿ ಅರ್ಧ, ಅವನು ಮತ್ತೆ ಅರ್ಧ.

"ನಿಮ್ಮ ಬಾರ್ ನಾನು ತಿನ್ನಬಹುದು, ನನ್ನ ಕಾಫಿ ನೀವು ಕುಡಿಯೋ ಹಾಗಿಲ್ಲ. ಇದ್ಯಾವ ನ್ಯಾಯ?"

"ನಾನು ನಿಮ್ಮನ್ನ ಪರೀಕ್ಷೆ ಮಾಡೋಳು. ನೀವು ನನ್ನನ್ನಲ್ಲ."

"ಹಾಗಂತ ನೀವು ಅಂದ್ಕೊಂಡಿದೀರ" ಎಂದು ಅವನು ಚಾಕುವಿನ ಮೇಲಿಂದ ನೋಡಿದ. ಎಡಗಣ್ಣು ಮೊದಲು ನಕ್ಕಿತು. ತಟ್ಟೆಯಲ್ಲಿ ಉಳಿದಿದ್ದ ಪುಡಿಯನ್ನು ನನ್ನ ಬೆರಳಿನ ಕಡೆ ಸರಿಸಿದ. ಅವನ ಬೆರಳು ನನ್ನ ಬೆರಳಿಗೆ ತಾಗಲಿಲ್ಲ. ತಾಗದಿದ್ದದ್ದು ತಾಗಿದ್ದಕ್ಕಿಂತ ಹೆಚ್ಚು ಕಾಡಿತು.

ನನ್ನ ಮೇಲಧಿಕಾರಿ ಗಾರ್ತ್ ಒಳ್ಳೆಯವನು, ಆದರೆ ಅವನ ಮೂಗು ಬೇಟೆನಾಯಿಯದು.

"ಮಾರ್ನಾ, ನಿನಗೂ ಆ ಕಾಲಿಯೊಗೂ ಏನಾದ್ರೂ ಇದ್ರೆ ಈಗ್ಲೇ ಹೇಳು. ನಿಯಮ ಗೊತ್ತಲ್ಲ? ಫೈಲ್ ಬೇರೆಯವ್ರಿಗೆ ಕೊಡ್ಬೇಕು."

"ಯಾರಿಗೆ ಕೊಡ್ತೀಯ?"

"ಇನ್ಯಾರಿದಾರೆ? ವೆಂಡೆಲ್‌ಗೆ."

ವೆಂಡೆಲ್! ಸಹಿ ಹಾಕುವ ಜಾಗ ತೋರಿಸಿದರೆ ಸಾಕು, ಏನು ಬರೆದಿದೆ ಎಂದು ಓದದೆ ಗೀಚುವ ಪ್ರಾಣಿ. ಹಿಂದಿನ ಪಾಠಕ್ರಮಕ್ಕೆ ಒಪ್ಪಿಗೆ ಕೊಟ್ಟವನೂ ಅವನೇ. ಅವನ ಕೈಗೆ ಫೈಲ್ ಹೋದರೆ ಬಲಗಡೆಯ ಎಂಜಿನ್ ಮತ್ತೆ ಯಾರಿಗೂ ನೆನಪಾಗುವುದಿಲ್ಲ.

"ಏನೂ ಇಲ್ಲ" ಎಂದೆ. ಆಡಿದ ಮಾತೂ ಇರಲಿಲ್ಲ, ಮುಟ್ಟಿದ ಕೈಯೂ ಇರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಪ್ರೀತಿಯನ್ನೂ ಕೊಳೆಯ ಹಾಗೆ ತಿಕ್ಕಬೇಕಾಗಿ ಬಂದ ನನ್ನ ನೌಕರಿಯ ಮೇಲೆ ಹೇಸಿಗೆಯಾಯಿತು.

ಫೆಬ್ರವರಿಯಲ್ಲಿ ಆರ್ಲೋ ಬಂದು ಎದುರು ನಿಂತ. "ಪರೀಕ್ಷಕರಿಗೂ ಪರೀಕ್ಷೆ ಅಂತ ನೀವೇ ಬರೆದಿದೀರಿ. ನನ್ನಿಂದಲೇ ಶುರುವಾಗ್ಲಿ."

"ಅವಸರ ಏನಿಲ್ಲ."

"ಇದೆ. ನಾನು ಪಾಸೋ ಫೇಲೋ ಅಂತ ಗೊತ್ತಿಲ್ದೆ ಬೇರೆಯವ್ರ ಹಿಂದೆ ಕೂರೋಕೆ ನನಗೆ ಅಸಹ್ಯ."

ಮಧ್ಯಾಹ್ನ ಮೆಷಿನ್ ಖಾಲಿ ಇತ್ತು. ಫಲಕದ ಮುಂದೆ ಇನ್ನೊಬ್ಬ ಪರೀಕ್ಷಕ ಕೂತ, ಪಕ್ಕದಲ್ಲಿ ನಾನು. ಪೈಲಟ್ ಕುರ್ಚಿಯಲ್ಲಿ ಆರ್ಲೋ. ಅವನ ಕುತ್ತಿಗೆಯ ಹಿಂದೆ ಕ್ಷೌರಿಕ ಬಿಟ್ಟ ಒಂದು ಕೂದಲ ಎಳೆ ಕಾಣುತ್ತಿತ್ತು. ನಾನು ಅದನ್ನು ನೋಡದೆ ಅವನ ಬೂಟುಗಳನ್ನು ನೋಡಿದೆ.

ವಿಮಾನ ಓಡಿತು, ಯಾರೂ ಕೆಮ್ಮಲಿಲ್ಲ, ಕಂಪ್ಯೂಟರ್ ಬಲಗಡೆಯದನ್ನು ಆರಿಸಿತು.

ಎಡಗಾಲು, ಎಡಗಾಲು, ಎಡಗಾಲು ಎಂದು ನಾನು ಮನಸ್ಸಿನಲ್ಲೇ ಅರಚಿದೆ. ಗಂಟಲಲ್ಲಿ ಒಂದು ಸಣ್ಣ ಸದ್ದು ಮಾಡಿದ್ದರೂ ಅವನು ಎಚ್ಚೆತ್ತುಕೊಳ್ಳುತ್ತಿದ್ದ. ಹಲ್ಲು ಕಚ್ಚಿ ಸುಮ್ಮನಿದ್ದೆ.

ಅವನ ಬಲಗಾಲು ಪೆಡಲಿನ ಮೇಲೆ ಬಿತ್ತು. ಇಷ್ಟು ವರ್ಷ ಎಡಗಡೆಯದು ಸಾಯುವುದನ್ನೇ ನೋಡಿದ ಕಾಲು ಅದು. ನೆಲ ಮೇಲೆ ಹೋಯಿತು. ಪರದೆ ಕೆಂಪಾಯಿತು.

ಇನ್ನೊಬ್ಬ ಪರೀಕ್ಷಕ ಎದ್ದು ಹೊರಗೆ ಹೋದ. ಆರ್ಲೋ ಕುರ್ಚಿಯಿಂದ ಏಳಲಿಲ್ಲ.

"ನನ್ನ ಪರೀಕ್ಷಕ ಅಧಿಕಾರ ಹೋಗ್ಬೇಕು, ಅಲ್ವಾ?" ಎಂದ ಕೆಂಪು ಪರದೆಗೆ.

"ಹೌದು."

"ಸಹಿ ನಿಮ್ಮದೇ."

"ಹೌದು." ಪೆನ್ನು ತೆಗೆದು ಮತ್ತೆ ಮುಚ್ಚಿದೆ. "ಇನ್ನೊಂದು ಸಲ ಮಾಡ್ಬಹುದು. ಇವತ್ತು ನಿಮಗೆ ಸುಸ್ತಾಗಿದೆ ಅಂತ..."

ಅವನು ಸರಕ್ಕನೆ ತಿರುಗಿದ. "ಬೇಡ. ಆ ಮಾತು ನಿಮ್ಮ ಬಾಯಲ್ಲಿ ಬರಬಾರ್ದು. ಆ ಬ್ಯಾನರ್ ಕಟ್ಟಿದೋರ ಮಾತು ಅದು. ನೀವು ಸಹಿ ಹಾಕ್ಲಿಲ್ಲ ಅಂದ್ರೆ ನನಗೆ ನಿಮ್ಮ ಮೇಲೂ ಅಸಹ್ಯ ಹುಟ್ಟುತ್ತೆ. ಅದೊಂದನ್ನ ನಾನು ತಡ್ಕೊಳ್ಳಲಾರೆ ಮಾರ್ನಾ."

ಮೊದಲ ಸಲ ಮೇಡಂ ಬಿಟ್ಟು ಹೆಸರು ಹಿಡಿದಿದ್ದ. ನಾನು ಅಲ್ಲೇ, ಅವನ ಕಣ್ಣೆದುರೇ ಸಹಿ ಹಾಕಿದೆ. ಕೈ ನಡುಗಿತು, ಈ ಸಲ ಚಳಿಗಲ್ಲ.

ಅವನು ಎದ್ದು ಹತ್ತಿರ ಬಂದ. ಆ ಪುಟ್ಟ ಕೋಣೆಯಲ್ಲಿ ದೂರ ನಿಲ್ಲಲು ಜಾಗವೂ ಇರಲಿಲ್ಲ. ನನ್ನ ಮುಖವನ್ನೇ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡ.

"ಬೇಡ!" ಎಂದು ಅವನ ಎದೆಗೆ ಅಂಗೈ ಒಡ್ಡಿದೆ, ಮುಟ್ಟದೆ. "ಏನು ಹೇಳ್ತೀರ ಅಂತ ಗೊತ್ತಾಯ್ತು. ಹೇಳಬೇಡಿ. ಹೇಳಿದ್ರೆ ನಾನು ಗಾರ್ತ್‌ಗೆ ತಿಳಿಸ್ಬೇಕು, ಫೈಲ್ ವೆಂಡೆಲ್‌ಗೆ ಹೋಗುತ್ತೆ. ಪಾಠಕ್ರಮ ಪಾಸಾಗೋವರೆಗೂ ನನಗೆ ಕಿವಿ ಇಲ್ಲ."

"ಆಮೇಲೆ?"

"ಆಮೇಲಿಂದು ಆಮೇಲೆ. ನಿಮ್ಮ ಗಂಟಲಿಗೆ ಒಂದಿಷ್ಟು ಜೇನುತುಪ್ಪ ಕುಡಿಸಿ."

ಅವನು ನಗಲು ನೋಡಿದ, ಕಣ್ಣು ತುಂಬಿತ್ತು. ಮಾರನೆಯ ದಿನದಿಂದ ಅವನು ಮಾಮೂಲಿ ಪೈಲಟ್‌ಗಳ ಸಾಲಿಗೆ ಸೇರಿದ, ತನ್ನ ಹಳೆಯ ಶಿಷ್ಯರ ಜೊತೆ ಹೊಸದಾಗಿ ಎರಡೂ ಕಾಲು ಕಲಿಯಲು ಕೂತ. ಸಭೆಗಳಿಗೆ ಬರುವುದು ನಿಂತಿತು. ಕೊನೆಯ ತುಂಡು ತಟ್ಟೆಯಲ್ಲೇ ಒಣಗುತ್ತಿತ್ತು, ನಾನು ಅದನ್ನು ಅರ್ಧ ಮಾಡಲಿಲ್ಲ.

ಬಂದರಿನ ಮಂಜುಗಡ್ಡೆ ಒಡೆದು ಮೊದಲ ಹಡಗು ಕೂಗಿಕೊಂಡು ಹೋದ ವಾರ ಪಾಠಕ್ರಮಕ್ಕೆ ಮುದ್ರೆ ಬಿತ್ತು. ಅದಕ್ಕೂ ಮುಂಚೆ ಟೆಸ್ಸಾ ನೋವಾಕ್ ಮತ್ತೆ ನನ್ನ ಮುಂದೆ ಕೂತಳು. ಸದ್ದಿಲ್ಲದೆ ಬಲಗಡೆಯ ಎಂಜಿನ್ ಸತ್ತಿತು. ಅವಳ ಬೂಟುಗಳು ಒಂದು ಕ್ಷಣ ಸುಮ್ಮನಿದ್ದವು, ವಿಮಾನ ಏನು ಹೇಳುತ್ತಿದೆಯೋ ಕೇಳಿಸಿಕೊಂಡವು, ಆಮೇಲೆ ಎಡಗಾಲು ಇಳಿಯಿತು. ವಿಮಾನ ನೇರವಾಗಿ ಮೇಲೇರಿತು. ನಾನು ಹಿಂದೆ ಕೂತು ಹುಡುಗಿಗೆ ಕಾಣದ ಹಾಗೆ ಅತ್ತೆ. ಅದೇ ತಿಂಗಳು ಹಳೆಯ ಪರೀಕ್ಷಕರಲ್ಲಿ ಅನೇಕರು ಫೇಲಾದರು. ಪ್ರೆಂಟಿಸ್ ಬ್ಯಾನರ್ ಬಿಚ್ಚಿಸಿದ, ಒಂದು ಮೊಳೆ ಮಾತ್ರ ಗೋಡೆಯಲ್ಲೇ ಉಳಿಯಿತು.

ಮುದ್ರೆಯ ಶಾಯಿ ಒಣಗುವ ಮುಂಚೆ ಗಾರ್ತ್‌ನ ಕೋಣೆಗೆ ಹೋದೆ.

"ಬರ್ಚ್‌ಲೈನ್ ಫೈಲ್ ಬೇರೆಯವ್ರಿಗೆ ಕೊಡು."

"ಈಗ? ಗೆದ್ದಮೇಲೆ? ಯಾಕೆ?"

"ಕಾಲಿಯೊ."

ಗಾರ್ತ್ ಕನ್ನಡಕ ತೆಗೆದ. "ಏನೂ ಇಲ್ಲ ಅಂದಿದ್ದೆ!"

"ಇರ್ಲಿಲ್ಲ. ಇವತ್ತು ಸಂಜೆಯಿಂದ ಇರುತ್ತೆ. ಅದಕ್ಕೇ ಮುಂಚೆ ಹೇಳ್ತಿದೀನಿ."

"ವೆಂಡೆಲ್‌ಗೆ ಕೊಡ್ಲಾ?" ಎಂದ ಅವನು ತುಂಟತನದಿಂದ.

"ಕೊಡು. ಈಗ ಅವನು ಓದದೆ ಸಹಿ ಹಾಕಿದ್ರೂ ಸರಿಯಾದ್ದಕ್ಕೇ ಹಾಕ್ತಾನೆ."

ಸಂಜೆ ನಾನು ಬರಹೇಳಿದಂತೆ ಆರ್ಲೋ ಬಂದರಿನ ಎದುರಿನ ಹೋಟೆಲಿನಲ್ಲಿ ಕೂತಿದ್ದ. ಎರಡೂ ಕಾಲಿನ ಪರೀಕ್ಷೆ ಪಾಸಾಗಿ ಮತ್ತೆ ಹಾರತೊಡಗಿದ್ದ. ವಿಮಾನ ಇಳಿಸಿ ನೇರ ಬಂದಿದ್ದ, ಟೈ ಸಡಿಲವಾಗಿತ್ತು. ನನ್ನನ್ನು ಕಂಡವನೇ ಎದ್ದು ನಿಂತ, ಮತ್ತೆ ಕೂತ, ಮತ್ತೆ ಅರ್ಧ ಎದ್ದ.

"ಮೇಡಂ..."

ನಾನು ಎದುರು ಕೂತೆ. ಮೇಜಿನ ಮೇಲಿದ್ದ ಅವನ ಕಾಫಿ ಕಪ್ಪನ್ನು ಎತ್ತಿಕೊಂಡೆ. ಅವನ ಕಣ್ಣು ಕಪ್ಪಿನ ಜೊತೆಯೇ ನನ್ನ ತುಟಿಯವರೆಗೆ ಬಂತು. ಒಂದು ಗುಟುಕು ಕುಡಿದೆ. ಸುಟ್ಟದ್ದು, ಆರಿದ್ದು, ಮೇಲೆ ಎಣ್ಣೆಯ ತೆಳು ಪದರ. ಜನ್ಮದಲ್ಲಿ ಅಷ್ಟು ಕೆಟ್ಟ ಕಾಫಿ ಕುಡಿದಿರಲಿಲ್ಲ.

"ಥೂ! ಇಂಥದ್ದನ್ನಾ ನೀನು ಚಳಿಗಾಲವೆಲ್ಲ ನನಗೆ ಕುಡಿಸೋಕೆ ಒದ್ದಾಡಿದ್ದು?"

ಅವನು ‘ನೀನು’ ಎಂಬುದನ್ನು ಕೇಳಿಸಿಕೊಂಡ. ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ, ಗಂಟಲು ಅಲುಗಾಡಿತು, ಕೈಯಿಂದ ಗಂಟಲನ್ನೇ ಹಿಡಿದುಕೊಂಡ.

ಅವನಿಗೆ ಸಮಯ ಕೊಡಲಿಲ್ಲ. "ನಿನ್ನನ್ನ ಪ್ರೀತಿಸ್ತೀನಿ ಆರ್ಲೋ. ಆ ಪಾರ್ಕಿಂಗ್‌ನಲ್ಲಿ ಚಳಿಯಲ್ಲಿ ನಿಂತಿದ್ಯಲ್ಲ, ಆಗಿಂದ."

ಮೇಜಿನ ಕೆಳಗೆ ಧಡ್ ಎಂದು ಸದ್ದಾಯಿತು. ಚಮಚ ಹಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದೆ. ಅವನ ಎರಡು ಬೂಟುಗಳೂ ನೆಲವನ್ನು ಒಟ್ಟಿಗೇ ಒತ್ತಿ ಹಿಡಿದಿದ್ದವು.

"ಫೇಲ್" ಎಂದೆ.

"ಹೇಳದೆ ಕೇಳದೆ ಮಾಡಿದ್ರೆ ಹೀಗೇ ಆಗೋದು" ಎಂದ ಅವನು. ಎಡಗಣ್ಣು ಆಗಲೇ ನಗುತ್ತಿತ್ತು. ಕೈ ಚಾಚಿ ನನ್ನ ಕೈ ಹಿಡಿದ, ಈ ಸಲ ಬೆರಳುಗಳು ತಾಗಿದವು. "ನಾನೂ ಮಾರ್ನಾ. ಆ ಥರ್ಮಾಸ್ ತೆಗೆದ್ಯಲ್ಲ, ಆ ಕ್ಷಣದಿಂದ. ಇನ್ನೊಂದು ಸಲ ಪರೀಕ್ಷೆ ಮಾಡ್ತೀಯಾ?"

"ದಿನಾ ಮಾಡ್ತೀನಿ" ಎಂದೆ, ಕಪ್ಪಿನಲ್ಲಿ ಉಳಿದಿದ್ದ ಆ ದರಿದ್ರ ಕಾಫಿಯನ್ನು ಅರ್ಧ ಬಿಡದೆ ಪೂರ್ತಿ ಕುಡಿದೆ.